ಖಾಲಿ ಮನೆಗೊಂದು ಹಣತೆ

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ಕವುಚಿ ಹಾಕಿ, ಚಾಪೆಯ ಮೇಲೆ ಅಡ್ಡಾದರೆ ಪಂಕಜಾ ಮನೆಗಳಿಗೆ ಹೋಗುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು, ಆದರೆ ಅದು ನಿದ್ದೆಯಲ್ಲ. ಹೊರಗೆ ತಿರುವನಂತಪುರದಂಚಿನ ಶ್ರೀಕಾರ್ಯಂ ಪೇಟೆಯ ಬಸ್ಸುಗಳ ಹಾರನ್ ಕೇಳುತ್ತಲೇ ಇರುತ್ತಿತ್ತು. ಕೇಳುತ್ತ ಕೇಳುತ್ತ ಅದು ದೂರವಾಗಿ, ಯಾವುದೋ ಒಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಒಂದು ದಿನ ಆಲುವದ ಹೊಳೆಬದಿಯ ಮನೆ. ಅಲ್ಲಿಯ ಕಾವಿ ನೆಲ ಯಾವಾಗಲೂ ಬೆವರುತ್ತಿತ್ತು, ಬರಿಗಾಲಿಗೆ ತಣ್ಣಗೆ. ಇನ್ನೊಂದು ದಿನ ಮಟ್ಟಾಂಚೇರಿಯ ಮಹಡಿ ಮನೆ. ಕೆಳಗಿನ ಗೋದಾಮಿನ ಶುಂಠಿ, ಕರಿಮೆಣಸಿನ ವಾಸನೆ ಮೆಟ್ಟಿಲು ಹತ್ತಿ ಬಂದು ಒಗೆದ ಸೀರೆಗೆಲ್ಲ ಅಂಟಿಕೊಳ್ಳುತ್ತಿತ್ತು. ಮತ್ತೊಂದು ದಿನ ತಿರುವನಂತಪುರದ ಕೋಟೆಯ ಹಿಂದಿನ ಓಣಿಯ ಮನೆ. ಅಲ್ಲಿ ಸ್ನಾನದ ಕೋಣೆಯ ಹಂಚಿನ ಒಂದು ತೂತಿನಿಂದ ಬಿಸಿಲು ಕೋಲಿನಂತೆ ಇಳಿದು, ತಾಮ್ರದ ಹಂಡೆಯ ನೀರಿನಲ್ಲಿ ಮುರಿದು ಬೀಳುತ್ತಿತ್ತು.

ಎಲ್ಲವೂ ಬಾಡಿಗೆಯ ಮನೆಗಳು. ಗಂಡ ಸುಬ್ರಾಯರಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಆರ್ಡರು ಬಂದ ಕಡೆ ಟ್ರಂಕು ಹೊರುವುದು. ಸ್ವಂತ ಮನೆ ಅಂತ ಆಗಲೇ ಇಲ್ಲ, ಮಕ್ಕಳೂ ಆಗಲಿಲ್ಲ. ಕಾಸರಗೋಡಿನ ಪೆರ್ಲದ ಹತ್ತಿರದ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಟಿ ಚೀಲ ಮಡಚಿಟ್ಟ ಪಂಕಜಾಗೆ ಓದಿದ್ದೇನೂ ನೆನಪಿರಲಿಲ್ಲ. ಇದ್ದ ಮನೆಗಳು ಮಾತ್ರ ಒಂದೂ ಮರೆತಿರಲಿಲ್ಲ. ಯಾವ ಮನೆಯ ಯಾವ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಯಾವ ಕಿಟಕಿಯಲ್ಲಿ ನಿಂತರೆ ಯಾರ ಮನೆಯ ಅಡುಗೆ ಕಾಣುತ್ತದೆ, ಎಲ್ಲ ಅವರಲ್ಲಿ ಇತ್ತು. ಸುಬ್ರಾಯರು ತೀರಿಕೊಂಡ ಮೇಲೂ ಅವರು ಶ್ರೀಕಾರ್ಯಂನ ಈ ಸಣ್ಣ ಮಹಡಿ ಮನೆಯಲ್ಲೇ ಉಳಿದರು. ಊರಿಗೆ ಬನ್ನಿ ಅಂತ ಪುತ್ತೂರಿನಿಂದ ತಂಗಿ ಕರೆದಳು. ಹೋಗಲಿಲ್ಲ. ಸುಬ್ರಾಯರ ಕೊಡೆ ನೇತುಹಾಕುವ ಕೊಕ್ಕೆ ಈ ಮನೆಯಲ್ಲೇ ಇತ್ತಲ್ಲ.

ಈಚೆಗೆ ಆ ಮನೆಗಳ ಸಾಲಿಗೆ ಇನ್ನೊಂದು ಬಂದು ಸೇರಿತ್ತು. ಕೊಚ್ಚಿಯ ವೈಟ್ಟಿಲದ ಒಂದು ಫ್ಲ್ಯಾಟು. ಅದರಲ್ಲಿ ಪಂಕಜಾ ಒಂದು ರಾತ್ರಿಯೂ ಮಲಗಿದವರಲ್ಲ. ಆದರೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಅದರ ಬಾಗಿಲೇ ಮೊದಲು ತೆರೆಯುತ್ತಿತ್ತು. ಒಳಗೆ ಒಂದು ಸಾಮಾನೂ ಇಲ್ಲ, ಕರ್ಟನ್ನೂ ಇಲ್ಲ. ಅವರು ಹೊಸ್ತಿಲಲ್ಲೇ ನಿಂತು ಒಳಗೆ ಹೋಗಲೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಆ ಫ್ಲ್ಯಾಟಿನಲ್ಲಿ ಇದ್ದವಳು ತಂಗಿಯ ಮೊಮ್ಮಗಳು ಸಿಂಚನಾ. ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿ ಕೊಚ್ಚಿಗೆ ಬಂದವಳು. ಮನೆ ಹುಡುಕಿದಾಗ ಒಂಟಿ ಹುಡುಗಿ, ಹೊರ ರಾಜ್ಯದವಳು ಅಂತ ಎಲ್ಲರೂ ಹಿಂದೆಮುಂದೆ ನೋಡಿದರು. ವೈಟ್ಟಿಲದ ಮನೆಯ ಒಡತಿ ಆಯೇಷಾ ಮಾತ್ರ ಒಪ್ಪಿದರು. ಆಸ್ಪತ್ರೆಯೊಂದರಲ್ಲಿ ಔಷಧಿ ವಿಭಾಗ ನೋಡಿಕೊಂಡಿದ್ದು ನಿವೃತ್ತರಾದ ಹೆಂಗಸು. ಅದೇ ಕಟ್ಟಡದಲ್ಲಿ ಮೇಲಿನ ಅಂತಸ್ತಿನಲ್ಲಿ ಅವರ ವಾಸ. ಆದರೆ ಅವರದೊಂದು ಷರತ್ತು. ಕೇರಳದಲ್ಲೇ ವಿಳಾಸ ಇರುವ ಹಿರಿಯರೊಬ್ಬರು ಕರಾರು ಪತ್ರದಲ್ಲಿ ಜೊತೆಗೆ ಸಹಿ ಹಾಕಬೇಕು, ನಾಳೆ ಏನಾದರೂ ಹಾಳಾದರೆ, ಬಾಕಿಯಾದರೆ ಅವರೂ ಹೊಣೆ.

ಸಿಂಚನಾ ಅಳುಕುತ್ತ ಕೇಳಿದ್ದಳು. ಪಂಕಜಾ ಅಳುಕದೆ ರೈಲು ಹತ್ತಿ ಹೋಗಿ, ಛಾಪಾ ಕಾಗದದ ಎಲ್ಲ ಹಾಳೆಗಳಲ್ಲೂ ದುಂಡಗೆ ತಮ್ಮ ಹೆಸರು ಬರೆದು ಬಂದಿದ್ದರು. ಅದು ಕನ್ನಡ ಅಂತ ತಿಳಿದು ಆಯೇಷಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ್ದರು. ಮೆಟ್ಟಿಲಿಳಿಯುವಾಗ ಸಿಂಚನಾ ಕಿವಿಯಲ್ಲಿ ಹೇಳಿದಳು:

"ದೊಡ್ಡಜ್ಜಿ, ಇನ್ನು ನಾನು ಓಡಿಹೋದರೆ ಅವರು ಹಿಡಿಯುದು ನಿಮ್ಮನ್ನು."

"ಓಡುದಾದರೆ ಶನಿವಾರ ನಮ್ಮಲ್ಲಿ ಊಟ ಮಾಡಿ ಓಡು," ಅಂದಿದ್ದರು ಪಂಕಜಾ.

ಅವಳು ಓಡಲಿಲ್ಲ, ಆದರೆ ಶನಿವಾರಗಳಲ್ಲಿ ಬಂದಳು. ತಿಂಗಳಿಗೊಮ್ಮೆ, ಕೆಲವೊಮ್ಮೆ ಎರಡು ಸಲ, ಬೆಳಗಿನ ರೈಲಿಗೆ. ಬಂದವಳೇ ಚೀಲ ಬಿಸಾಡಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮಾತು ಶುರುಮಾಡಿದರೆ ಮರುದಿನ ಸಂಜೆ ಹೊರಡುವವರೆಗೂ ಅದು ನಿಲ್ಲುತ್ತಿರಲಿಲ್ಲ. ಪಂಕಜಾಗೆ ಬೇಕಾದದ್ದೂ ಅದೇ. ಪಕ್ಕದ ಮನೆಯವರ ಹತ್ತಿರ, ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ತರಕಾರಿಯವನ ಹತ್ತಿರ ಮಲಯಾಳವೇ ಆಗಬೇಕು. ಅವರಿಗೆ ಅದು ನೀರು ಕುಡಿದಷ್ಟು ಸಲೀಸು. ಆದರೆ ಸುಬ್ರಾಯರು ಹೋದ ಮೇಲೆ ಮನೆಯೊಳಗೆ ಕನ್ನಡ ಕೇಳುವ ಕಿವಿ ಇರಲಿಲ್ಲ. ದೇವರ ಹತ್ತಿರ, ಕಾಗೆಯ ಹತ್ತಿರ ಆಡಿದ್ದಷ್ಟೆ. ಹುಡುಗಿ ಬಂದು ಹೋದರೆ ಒಗ್ಗರಣೆಯ ಘಮದ ಹಾಗೆ ಊರ ಮಾತು ಒಂದೆರಡು ದಿನ ಮನೆಯೊಳಗೆ ಸುಳಿದಾಡಿಕೊಂಡು ಇರುತ್ತಿತ್ತು. ಪಂಕಜಾ ಮೆಲ್ಲಗೆ ಓಡಾಡುತ್ತಿದ್ದರು, ಬೇಗ ಹೋಗಿಬಿಡದಿರಲಿ ಅಂತ.

ಮೂರು ವರ್ಷ ಕಳೆದು ಸಿಂಚನಾ ಕೆಲಸ ಬದಲಾಯಿಸಿದಳು. ಹೊಸ ಆಫೀಸು ಆಲುವದ ಕಡೆ, ಮನೆಯೂ ಅಲ್ಲೇ ಸಿಕ್ಕಿತು. ವೈಟ್ಟಿಲದ ಮನೆ ಬಿಡುವ ವಾರ ಪಂಕಜಾ ಫೋನಿನಲ್ಲಿ ಹೇಳಿಕೊಟ್ಟರು. ಅತ್ತೆಯಿಂದ ಅವರಿಗೆ ಬಂದ ಕ್ರಮ ಅದು, ಬಾಡಿಗೆ ಮನೆ ಬಿಟ್ಟಾಗಲೆಲ್ಲ ತಪ್ಪದೆ ಮಾಡಿದ್ದು. ಸಾಮಾನೆಲ್ಲ ಹೊರಗೆ ಹೋದ ಮೇಲೆ ಮನೆ ಗುಡಿಸಿ, ಒಳಕೋಣೆಯ ನಡುವೆ ಒಂದು ಹಣತೆ ಹಚ್ಚಿಡಬೇಕು. ತಟ್ಟೆ ಇಡಬಾರದು, ಬಾಳೆಲೆಯೂ ಬೇಡ, ನೆಲಕ್ಕೇ ಇಡಬೇಕು. ತಟ್ಟೆಯಲ್ಲಿಟ್ಟರೆ ಅದು ನಮ್ಮ ದೀಪವಾಗುತ್ತದೆ, ನೆಲಕ್ಕಿಟ್ಟರೆ ಮನೆಯದ್ದು. ಆಮೇಲೆ ಬೀಗ ಹಾಕಿ ಬಂದುಬಿಡುವುದು. ಎಣ್ಣೆ ಇರುವಷ್ಟು ಹೊತ್ತು ಉರಿದು ತಾನೇ ಆರುತ್ತದೆ. ಅಷ್ಟರೊಳಗೆ ಮನೆಗೆ ಜನ ಹೋದದ್ದು ಅಭ್ಯಾಸವಾಗುತ್ತದೆ. ಹಣತೆಯನ್ನು ಹಿಂದಿನ ಸಲ ಬಂದಾಗಲೇ ಅವಳ ಚೀಲಕ್ಕೆ ಹಾಕಿ ಕಳಿಸಿದ್ದರು, ಎಣ್ಣೆಯ ಸಣ್ಣ ಬಾಟಲಿಯನ್ನೂ.

"ಫ್ಲ್ಯಾಟಿಗೆ ಬೇಜಾರಾಗುದಾ ದೊಡ್ಡಜ್ಜಿ?" ಅಂತ ಸಿಂಚನಾ ನಕ್ಕಳು. "ಲಿಫ್ಟಿಗೂ ಒಂದು ಹಚ್ಚಿಡ್ಲಾ?"

ಈ ಹುಡುಗಿ ಇದನ್ನೆಲ್ಲ ಎಲ್ಲಿ ಮಾಡಿಯಾಳು ಅಂತ ಪಂಕಜಾ ಮತ್ತೆ ಕೇಳಲು ಹೋಗಲಿಲ್ಲ.

ಮನೆ ಬಿಟ್ಟ ಮರುವಾರ ಆಯೇಷಾ ಫೋನ್ ಮಾಡಿದರು. ಸೌಮ್ಯವಾದ ಸ್ವರ. 'ಅಮ್ಮ' ಅಂತ ಕರೆದು, ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದರು. ಗೋಡೆ ತುಂಬ ಮೊಳೆ ಹೊಡೆದಿದ್ದಾರೆ, ಇಡೀ ಮನೆಗೆ ಬಣ್ಣ ಹೊಡೆಸಬೇಕು. ಸಿಂಕಿನ ನಲ್ಲಿ ಹಾಳು. ಒಳಕೋಣೆಯ ಮರದ ನೆಲವನ್ನಂತೂ ಸುಟ್ಟಿದ್ದಾರೆ, ಅದನ್ನು ಪೂರ್ತಿ ಎಬ್ಬಿಸಿ ಹೊಸದು ಹಾಕಿಸಬೇಕು. ಮುಂಗಡವಾಗಿ ಕೊಟ್ಟ ದುಡ್ಡು ಇದಕ್ಕೆಲ್ಲ ಸಾಲದು. ಉಳಿದದ್ದನ್ನು ಕೇಳಿದರೆ ಹುಡುಗಿ ಫೋನ್ ಎತ್ತುತ್ತಿಲ್ಲ. ಸಹಿ ನಿಮ್ಮದೂ ಇದೆಯಲ್ಲ ಅಮ್ಮ, ಅದಕ್ಕೆ ನಿಮಗೆ ಮಾಡಿದೆ.

ಪಂಕಜಾ ಸಿಂಚನಾಳನ್ನು ಕೇಳಿದರು. ಅವಳು ಉರಿದುಬಿದ್ದಳು. ಮೂರು ವರ್ಷ ಇದ್ದ ಮನೆಗೆ ಬಣ್ಣ ಹೊಡೆಸುವುದು ಒಡೆಯರ ಕೆಲಸ, ಬಾಡಿಗೆಯವರದ್ದಲ್ಲ. ಅಂಗೈಯಷ್ಟು ಕಲೆಗೆ ಇಡೀ ಕೋಣೆಯ ನೆಲ ಯಾಕೆ ಹಾಕಿಸಿಕೊಡಬೇಕು? ಅವರು ಮುಂಗಡದಿಂದ ಒಂದು ಕಾಸೂ ವಾಪಸ್ ಕೊಡದೆ, ಮೇಲಿಂದ ಇನ್ನೂ ಕೇಳುವುದು ಎಂಥ ನ್ಯಾಯ? ಕಲೆ ಹೇಗಾಯಿತು ಅಂತ ಕೇಳಿದರೆ, ಇಸ್ತ್ರಿಪೆಟ್ಟಿಗೆ ಇಟ್ಟು ಮರೆತೆ ಅಂತ ಮಾತು ತುಂಡು ಮಾಡಿದಳು. ಆಮೇಲೆ ಸ್ವರ ಇಳಿಸಿ ಹೇಳಿದಳು:

"ನೀವು ನಿಮ್ಮ ಪೆನ್ಶನ್‌ನಿಂದ ಅವರಿಗೆ ಕೊಡ್ಲಿಕ್ಕೆ ಹೋದ್ರೆ ನೋಡಿ. ನಾನು ಮತ್ತೆ ಶ್ರೀಕಾರ್ಯಂಗೆ ಬರುದೇ ಇಲ್ಲ. ನಿಜವಾಗಿ ಬರುದಿಲ್ಲ."

ಆ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಆಯೇಷಾ ಮಾತ್ರ ಸಂಜೆಯಾದರೆ ಫೋನ್ ಮಾಡುತ್ತಿದ್ದರು. ಕೊಟ್ಟರೆ ಹುಡುಗಿ ಹೋಗುತ್ತಾಳೆ. ಕೊಡದೆ ಕೂತರೆ ಸಹಿ ಹಾಕಿದ ಹೆಸರು ಹೋಗುತ್ತದೆ. ಹೆಸರು ಹೋದರೆ ಹೋಗಲಿ ಅಂತ ಒಂದು ಗಳಿಗೆ ಅನಿಸಿ, ಪಂಕಜಾ ತಮ್ಮಷ್ಟಕ್ಕೇ ನಾಚಿದರು. ಮನೆಯೊಳಗೆ ಕನ್ನಡ ಇರಲಿಲ್ಲ. ಒಂದು ಮಧ್ಯಾಹ್ನ ಮೆಂತೆ ಹುರಿಯುತ್ತ 'ಕರಟಿತು' ಅಂತ ಗಟ್ಟಿಯಾಗಿ ಹೇಳಿ ನೋಡಿದರು. ಆ ಮಾತು ಗೋಡೆಗೆ ತಾಗಿ ಅಲ್ಲೇ ಬಿತ್ತು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ತಂಬಾನೂರಿನ ರೈಲು ನಿಲ್ದಾಣಕ್ಕೆ ಹೋಗಿ ಎರ್ನಾಕುಳದ ರೈಲು ಹತ್ತಿದರು. ಕೈಚೀಲದಲ್ಲಿ ಬ್ಯಾಂಕಿನಿಂದ ತೆಗೆದ ದುಡ್ಡು ಒಂದು ಕರ್ಚೀಫಿನಲ್ಲಿ ಗಂಟಾಗಿತ್ತು. ಜಗಳವಾಡಿ ಕಮ್ಮಿ ಮಾಡಿಸುವುದು, ಆಗದಿದ್ದರೆ ಕೊಟ್ಟುಬಿಡುವುದು, ಹುಡುಗಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು. ಇಷ್ಟು ಅವರ ಲೆಕ್ಕಾಚಾರ.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೊಲ್ಲಂ ದಾಟುವಾಗ ಕಾಯಲಿನ ಹಿನ್ನೀರು ಬಿಳಿಚಿಕೊಂಡಿತ್ತು. ಒಂದು ದೋಣಿ ಇದ್ದಲ್ಲೇ ಇತ್ತು, ರೈಲು ಅದನ್ನು ಸುತ್ತಿ ಸುತ್ತಿ ಹೋದಂತೆ ಕಂಡಿತು. ಎದುರಿಗೆ ಕೂತಿದ್ದ ಹೆಂಗಸಿನ ಮಗು ಪಂಕಜಾರ ಸೀರೆಯ ಸೆರಗನ್ನು ಬಾಯಿಗೆ ಹಾಕಿಕೊಂಡು ನಿದ್ದೆಹೋಯಿತು. ಆಲಪ್ಪುಳದ ಆಚೆ ಅವರಿಗೂ ಮಂಪರು. ಬಿಟ್ಟು ಬಂದ ಮನೆಗಳೆಲ್ಲ ಹಳಿಯ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು, ಮಟ್ಟಾಂಚೇರಿಯದು ಆಲುವದ್ದಕ್ಕೆ ಒರಗಿಕೊಂಡು. ಕೊಡೆ ಹಿಡಿದ ಸುಬ್ರಾಯರು ಒಂದೊಂದರ ಚಿಲಕ ಅಲ್ಲಾಡಿಸಿ ಭದ್ರವಾಗಿದೆಯೇ ಅಂತ ನೋಡುತ್ತ ಬರುತ್ತಿದ್ದರು. ಅವರು ಯಾವಾಗಲೂ ಹಾಗೇ. ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡಬೇಕು. 'ಎಂತಕ್ಕೆ ನೋಡುದು, ಒಳಗೆ ನಮ್ಮದು ಎಂತ ಉಂಟು' ಅಂತ ಪಂಕಜಾ ಕೇಳುತ್ತಿದ್ದಂತೆ ಎರ್ನಾಕುಳಂ ಬಂತು.

ಅಲ್ಲಿಂದ ಮೆಟ್ರೋ ಹಿಡಿದು ವೈಟ್ಟಿಲದಲ್ಲಿ ಇಳಿದರು. ಆಯೇಷಾ ಬಾಗಿಲು ತೆರೆದು ಚಿಲಕ ಬಿಡದೆ ನಿಂತರು. ಫೋನಿನ ಸ್ವರಕ್ಕೆ ಹೀಗೆ ಕಾಲು ಬಂದು ಎದುರಿಗೆ ನಿಂತೀತು ಅಂತ ಅವರು ಎಣಿಸಿರಲಿಲ್ಲವೋ ಏನೋ. ನೀರು ಕೊಟ್ಟರು, ಚಾಯ ಕೊಟ್ಟರು. ಆಮೇಲೆ ಕೀಲಿಕೈ ಹಿಡಿದು ಕೆಳಗಿನ ಅಂತಸ್ತಿಗೆ ಕರೆದುಕೊಂಡು ಹೋದರು.

ಪಂಕಜಾ ಹೊಸ್ತಿಲಲ್ಲಿ ನಿಂತರು. ಮಧ್ಯಾಹ್ನಗಳಲ್ಲಿ ಕಂಡ ಹಾಗೇ ಇತ್ತು ಅದು. ಸಾಮಾನಿಲ್ಲ, ಕರ್ಟನ್ನಿಲ್ಲ, ಬೆಳಕು ಒಂದೇ ಸಮ ಎಲ್ಲ ಕಡೆ ಹರಡಿತ್ತು. ಈ ಸಲ ಎಚ್ಚರವಾಗಲಿಲ್ಲ. ಒಳಗೆ ಹೋದರು.

ಗೋಡೆಯ ಮುಂದೆ ಅವರ ಬಾಯಿ ಚುರುಕಾಗಿಯೇ ಇತ್ತು. ಮಲಯಾಳದಲ್ಲಿ ಜಗಳವಾಡುವುದನ್ನು ಅವರು ಮಟ್ಟಾಂಚೇರಿಯ ನಲ್ಲಿಕಟ್ಟೆಯಲ್ಲಿ ಕಲಿತವರು. ಮೊಳೆ ಹೊಡೆಯದೆ ಕ್ಯಾಲೆಂಡರು ಗಾಳಿಯಲ್ಲಿ ನಿಲ್ಲುತ್ತದೆಯೇ ಅಂತ ಕೇಳಿದರು. ಇಲ್ಲಿ ಯಾರೂ ಇರದೆ ಬೀಗ ಜಡಿದಿದ್ದರೂ ಮೂರು ಮಳೆಗಾಲಕ್ಕೆ ಈ ಬಣ್ಣ ಮಾಸುತ್ತಿತ್ತು ಅಂತ ಬೆರಳಿನಿಂದ ಉಜ್ಜಿ ತೋರಿಸಿದರು. ನಲ್ಲಿ ಎಲ್ಲ ಮನೆಯಲ್ಲೂ ಹಾಳಾಗುವುದೇ, ತನ್ನ ಮನೆಯದೂ ಹಾಳಾಗಿತ್ತು, ತಾನೂ ಬಾಡಿಗೆಯವಳೇ, ತನ್ನ ಒಡೆಯರು ಪಾಪ ಬಾಯಿಮುಚ್ಚಿ ರಿಪೇರಿ ಮಾಡಿಸಿದರು ಅಂದರು. ಆಯೇಷಾ ಮೊದಮೊದಲು ಪ್ರತಿ ಮಾತಿಗೂ ಎದುರು ಮಾತು ಹೇಳಿದರು, ಆಮೇಲೆ ಸ್ವಲ್ಪ ನಕ್ಕರು. ಬಣ್ಣ ಹೋಗಲಿ ಅಮ್ಮ, ಅದು ಬಿಟ್ಟೆ, ಇಲ್ಲಿ ಬಂದು ನೋಡಿ ಅಂತ ಒಳಕೋಣೆಯ ಬಾಗಿಲು ತಳ್ಳಿದರು.

ಆ ಕೋಣೆಗೆ ಮಾತ್ರ ಮರದ ಹಲಗೆಯ ನೆಲ, ಜೇನಿನ ಬಣ್ಣದ್ದು. ಅದರ ನಡುವೆ ಕಪ್ಪಗೆ, ದುಂಡಗೆ, ಅಂಗೈಗಿಂತ ತುಸು ದೊಡ್ಡದಾದ ಕಲೆ. ಸುತ್ತ ಎಣ್ಣೆ ಇಂಗಿ ಹಲಗೆ ಕಂದಿತ್ತು.

ಇಸ್ತ್ರಿಪೆಟ್ಟಿಗೆಯ ಕಲೆ ದುಂಡಗೆ ಹೇಗಾಯಿತು ಅಂತ ಪಂಕಜಾ ಯೋಚಿಸುತ್ತಿದ್ದಂತೆ ಆಯೇಷಾ ಕಿಟಕಿಯ ಕಟ್ಟೆಯಿಂದ ಒಂದು ಪ್ಲಾಸ್ಟಿಕ್ ಕವರು ತಂದು ಬಿಚ್ಚಿದರು. ಒಳಗೆ ಒಡೆದ ಹಣತೆ. ಶ್ರೀಕಾರ್ಯಂ ಮಾರ್ಕೆಟಿನ ರಸ್ತೆಬದಿಯಲ್ಲಿ, ತಳ ತಿಕ್ಕಿ, ತಟ್ಟಿ ನೋಡಿ, ಪಂಕಜಾ ತಾವೇ ಆರಿಸಿದ ಹಣತೆ.

"ಇದನ್ನು ಹಚ್ಚಿಟ್ಟು ಬೀಗ ಹಾಕಿ ಹೋಗಿದ್ದಾಳೆ," ಅಂದರು ಆಯೇಷಾ. ಸ್ವರ ಈಗ ಸೌಮ್ಯವಾಗಿರಲಿಲ್ಲ. "ಬೀಗ ಹಾಕಿದ ಮನೆಯಲ್ಲಿ ಬೆಂಕಿ. ಮೇಲೆ ನಾನು ಮಲಗಿದ್ದೆ ಅಮ್ಮ."

ಇಷ್ಟು ವರ್ಷದಲ್ಲಿ ಆ ಮಾತು ಒಮ್ಮೆಯೂ ಪಂಕಜಾರ ತಲೆಗೆ ಹೊಳೆದಿರಲಿಲ್ಲ. ಅವರ ಹಣತೆಗಳೆಲ್ಲ ಉರಿದದ್ದು ಕಾವಿ ನೆಲದಲ್ಲಿ, ಸಿಮೆಂಟಿನಲ್ಲಿ, ಕಡಪ ಕಲ್ಲಿನಲ್ಲಿ. ಸುಡುವಂಥ ನೆಲವೂ ಇರುತ್ತದೆ ಅಂತ ಫೋನಿನಲ್ಲಿ ಹೇಳಿಕೊಟ್ಟ ಮುದುಕಿಗೂ ನೆನಪಾಗಲಿಲ್ಲ, ಹೇಳಿದ್ದನ್ನು ಹಾಗೇ ಮಾಡಿದ ಹುಡುಗಿಗೂ ಹೊಳೆಯಲಿಲ್ಲ. ಮೊಣಕಾಲು ಹಿಡಿದುಕೊಂಡು ಅವರು ಕಲೆಯ ಪಕ್ಕ ಕೂತರು. ಮೇಲೆ ಮಲಗಿದ್ದವರನ್ನು ನೆನೆದು ಸೂರು ನೋಡಿದರು. ಆ ಹೆದರಿಕೆಯ ಒಳಗೇ, ನಾಚಿಕೆಯಾದರೂ ನಿಲ್ಲದ ಒಂದು ಸಂತೋಷ. ನಕ್ಕವಳು, ಲಿಫ್ಟಿಗೂ ಹಚ್ಚಿಡಲಾ ಅಂದವಳು, ಸಾಮಾನೆಲ್ಲ ಹೋದ ಮೇಲೆ ಒಬ್ಬಳೇ ಇಲ್ಲಿ ಬಗ್ಗಿ ಕೂತು ಬತ್ತಿ ಹೊಸೆದಿದ್ದಾಳೆ. ತಟ್ಟೆ ಇಡಬೇಡ ಅಂದದ್ದಕ್ಕೆ ತಟ್ಟೆ ಇಟ್ಟಿಲ್ಲ.

"ಇದು ನನ್ನದು," ಅಂದರು ಪಂಕಜಾ. "ಹುಡುಗಿಯದ್ದಲ್ಲ. ನಾನು ಹೇಳಿ ಮಾಡಿಸಿದ್ದು."

ಆಯೇಷಾ ನಂಬಲಿಲ್ಲ. ಅವಳಿಗಾಗಿ ನೀವು ಸುಳ್ಳು ಹೇಳಬೇಡಿ ಅಮ್ಮ, ಈ ವಯಸ್ಸಿನಲ್ಲಿ ಬೇಡ ಅಂದರು. ನಂಬಿಸುವುದಕ್ಕೆ ಪಂಕಜಾ ಎಲ್ಲವನ್ನೂ ಹೇಳಬೇಕಾಯಿತು. ಅತ್ತೆಯ ಕ್ರಮ, ಆಲುವದ ಹೊಳೆಬದಿ, ಮಟ್ಟಾಂಚೇರಿ, ಕೋಟೆಯ ಹಿಂದಿನ ಓಣಿ. ಬೀಗ ಹಾಕಿ ಬರುವಾಗ ಬಾಗಿಲ ಸಂದಿನಲ್ಲಿ ಕಾಣುವ ಸಣ್ಣ ಬೆಳಕು. ತಟ್ಟೆ ಯಾಕೆ ಇಡಬಾರದು ಅನ್ನುವುದು. ಹೇಳುತ್ತ ಹೋದಂತೆ ತಾವು ಇರುವುದು ಯಾವ ಮನೆಯಲ್ಲಿ ಅಂತಲೇ ಅವರಿಗೆ ಮಸುಕಾಯಿತು. ನಡುವೆ ಎಲ್ಲೋ ಆಯೇಷಾ ಕೂಡ ಗೋಡೆಗೊರಗಿ ನೆಲಕ್ಕೆ ಕೂತಿದ್ದರು.

ಇದು ಉಮ್ಮನ ಕೋಣೆ, ಅಂದರು ಅವರು. ತಾಯಿಯ ಕಾಲಿಗೆ ಟೈಲ್ಸಿನ ತಣುಪು ಆಗುತ್ತಿರಲಿಲ್ಲ, ಅದಕ್ಕೇ ತೃಪ್ಪೂಣಿತುರದ ಬಡಗಿಯಿಂದ ಹಲಗೆ ಹಾಕಿಸಿದ್ದು. ಉಮ್ಮ ಹೋದ ಮೇಲೆ ಇಲ್ಲಿಯ ಟ್ಯೂಬ್‌ಲೈಟನ್ನು ತಾನು ಆರಿಸಲೇ ಇಲ್ಲ. ಹಗಲೂ ಇರುಳೂ ಉರಿದು ಒಂದು ದಿನ ಅದೇ ಕೆಟ್ಟಿತು. ಆಮೇಲೆಯೇ ಮನೆಯನ್ನು ಬಾಡಿಗೆಗೆ ಕೊಡಲು ಮನಸ್ಸು ಬಂದದ್ದು. ಇದನ್ನು ಹೇಳಿ ಆಯೇಷಾ ತಾಯಿಯ ಮಂಚ ಇದ್ದ ಜಾಗವನ್ನು ಕೈಯಲ್ಲಿ ತೋರಿಸಿದರು. ಕಲೆ ಅದರ ಕಾಲಿನ ಹತ್ತಿರ ಆಗುತ್ತಿತ್ತು.

ಮಾತು ಆಮೇಲೆ ಸುಲಭವಾಯಿತು. ಅದೇ ಬಡಗಿ ಇನ್ನೂ ಕೆಲಸ ಮಾಡುತ್ತಾನೆ. ಸುಟ್ಟ ಹಲಗೆಗಳನ್ನಷ್ಟೇ ಎಬ್ಬಿಸಿ ಬೇರೆ ಕೂರಿಸಲು ಸಾಧ್ಯವೇ ಅಂತ ಆಯೇಷಾ ಅವನಿಗೇ ಫೋನ್ ಮಾಡಿ ಕೇಳಿದರು. ಆಗುತ್ತದಂತೆ, ಬಣ್ಣ ಸ್ವಲ್ಪ ಬೇರೆ ಕಂಡೀತು. ಕಾಣಲಿ ಅಂದರು ಆಯೇಷಾ. ಹಲಗೆಯ ಖರ್ಚೊಂದು ಬಿಟ್ಟು ಮುಂಗಡದಲ್ಲಿ ಉಳಿದದ್ದೆಲ್ಲ ಹುಡುಗಿಗೆ ವಾಪಸ್. ಪಂಕಜಾ ಆ ಖರ್ಚು ತಾನೇ ಕೊಡುವುದಾಗಿ ಕೈಚೀಲ ಹತ್ತಿರ ಎಳೆದುಕೊಂಡರು. ಆಯೇಷಾ ಬೇಡ ಅಂತ ಕೈ ಅಡ್ಡ ಹಿಡಿದರು. ದುಡ್ಡು ಆಮೇಲೆ. ಮೊದಲು ಆ ಹುಡುಗಿ ಬಂದು ಎದುರಿಗೆ ನಿಂತು ಮಾತಾಡಬೇಕು. ಫೋನಿನಲ್ಲಿ ಅವಳು ತನ್ನನ್ನು ದುಡ್ಡಿಗೆ ಬಾಯಿಬಿಡುವವಳು ಅಂತ ಅಂದಿದ್ದಳು, ಅದು ಮನಸ್ಸಿನಲ್ಲಿ ಕೂತಿದೆ.

ಅವಳನ್ನು ಕರೆದರೆ ತಾನು ಕದ್ದು ಬಂದದ್ದು ಗೊತ್ತಾಗುತ್ತದೆ. ಪಂಕಜಾ ಫೋನನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತರು. ಆಮೇಲೆ ಒತ್ತಿದರು. ವೈಟ್ಟಿಲದಲ್ಲಿ ಇದ್ದೇನೆ, ಹಣತೆ ನೋಡಿದೆ, ಬಾ ಅಂದರು. ಅತ್ತ ಕಡೆ ಲೈನು ಕಡಿಯಿತು.

ಆಯೇಷಾ ಮೇಲೆ ಬಂದು ಮಲಗಿ ಅಂದರೂ ಕೇಳದೆ ಪಂಕಜಾ ಅಲ್ಲೇ ಹಲಗೆಯ ಮೇಲೆ ಸೆರಗು ಹಾಸಿ ಅಡ್ಡಾದರು. ಬೆನ್ನಿಗೆ ಮರ ಬೆಚ್ಚಗಿತ್ತು. ಕಿಟಕಿಯಾಚೆ ವೈಟ್ಟಿಲದ ಬಸ್ಸುಗಳು ಒಂದಕ್ಕೊಂದು ಕೂಗಿಕೊಳ್ಳುತ್ತಿದ್ದವು. ಮನೆಗಳು ಬರಲಿ ಅಂತ ಅವರು ಕಾದರು. ಯಾವುದೂ ಬರಲಿಲ್ಲ. ಇದ್ದ ಮನೆಯೊಳಗೆ ಇದ್ದ ಹಾಗೇ ಬಹಳ ಹೊತ್ತು ಮಲಗಿದರು. ಬಿಸಿಲು ಕಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಗೋಡೆಗೆ ಹೋಯಿತು. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಆಫೀಸಿನ ಚೀಲ ಹೊತ್ತು ಸಿಂಚನಾ ನಿಂತಿದ್ದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಎಷ್ಟೋ ದಿನ ಸರಿಯಾಗಿ ಮಲಗದವಳಂತೆ.

"ಹೇಳದೆ ಬಂದದ್ದಲ್ವಾ ನೀವು," ಅಂದಳು.

"ಹೇಳದೆ ಮುಚ್ಚಿಟ್ಟದ್ದಲ್ವಾ ನೀನು," ಅಂದರು ಪಂಕಜಾ, ಮಲಗಿದ್ದಲ್ಲಿಂದಲೇ. "ಇಸ್ತ್ರಿಪೆಟ್ಟಿಗೆಯಂತೆ. ದುಂಡಗಿನ ಇಸ್ತ್ರಿಪೆಟ್ಟಿಗೆ ಯಾವ ಅಂಗಡಿಯಲ್ಲಿ ಸಿಕ್ಕಿತು ನಿನಗೆ?"

ಸಿಂಚನಾಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಬಂದು ಪಕ್ಕದಲ್ಲಿ ಕೂತಳು. ಯಾಕೆ ಸುಳ್ಳು ಹೇಳಿದೆ ಅಂದರೆ ಹಲಗೆಯ ಸಂದನ್ನು ಉಗುರಿನಿಂದ ಕೆರೆದಳು.

"ನಿಮ್ಮ ದೀಪದಿಂದ ಸುಟ್ಟದ್ದು ಅಂತ ಗೊತ್ತಾದ್ರೆ ನೀವು ಮತ್ತೆ ನನಗೆ ಎಂತದೂ ಹೇಳಿಕೊಡ್ಲಿಕ್ಕಿಲ್ಲ ಅಂತ ಆಯ್ತು. ಹೆದರಿ ಬಿಟ್ಟುಬಿಡ್ತೀರಿ ನೀವು."

ಪಂಕಜಾ ಅವಳ ತಲೆಯ ಮೇಲೆ ಕೈಯಿಟ್ಟರು.

ಆಯೇಷಾ ಬಂದಾಗ ಸಿಂಚನಾ ಎದ್ದು ನಿಂತು, ತನ್ನ ಹರಕು ಮಲಯಾಳದಲ್ಲಿ, ಬೆಂಕಿಯ ವಿಷಯಕ್ಕೆ ಕ್ಷಮೆ ಕೇಳಿದಳು. ನೀವು ಮೇಲೆ ಇರುವುದು ನನ್ನ ತಲೆಗೆ ಬರಲಿಲ್ಲ, ಬರಬೇಕಿತ್ತು ಅಂದಳು. ಫೋನಿನಲ್ಲಿ ಆಡಿದ ಮಾತಿಗೂ ಕೇಳಿದಳು. ಬಣ್ಣದ ವಿಷಯಕ್ಕೆ ಮಾತ್ರ ಕೇಳುವುದಿಲ್ಲ ಅಂತ ಸೇರಿಸಿದಳು. ಆಯೇಷಾ ಪಂಕಜಾರ ಕಡೆ ನೋಡಿ, ಇದು ನಿಮ್ಮ ನಾಲಗೆಯೇ ಅಮ್ಮ ಅಂದರು.

ಇನ್ನು ಹಲಗೆಯ ಖರ್ಚು ಉಳಿದಿತ್ತು. ಸಹಿ ನನ್ನದು, ಹಣತೆ ನನ್ನದು, ಹೇಳಿದ್ದೂ ನಾನು ಅಂತ ಪಂಕಜಾ ಕರ್ಚೀಫಿನ ಗಂಟು ಹೊರಗೆ ತೆಗೆದರು. ಸಿಂಚನಾ ಅದನ್ನು ನೋಡಿದಳು. ಈ ಸಲ ಉರಿದು ಬೀಳಲಿಲ್ಲ.

"ಹಚ್ಚಿದ್ದು ನಾನು ದೊಡ್ಡಜ್ಜಿ," ಅಂದಳು ಮೆಲ್ಲಗೆ. "ನನಗೆ ಹಚ್ಚಬೇಕು ಅಂತ ಕಂಡಿತು, ಹಚ್ಚಿದೆ. ಅದು ನಂದು ಆಗ್ಲಿ. ಅದನ್ನೂ ನೀವೇ ಕೊಟ್ರೆ ನಾನು ಇಲ್ಲಿ ಮೂರು ವರ್ಷ ಇದ್ದದ್ದು ಎಂತಕ್ಕೆ?"

ತನ್ನ ತಪ್ಪಿಗೆ ಈ ಮಗು ದುಡ್ಡು ಕೊಡುವುದನ್ನು ನೋಡುತ್ತ ಕೂತಿರುವುದು ಪಂಕಜಾಗೆ ನುಂಗಲಾರದ ತುತ್ತು. ಕೈಯಲ್ಲಿ ಗಂಟು ಹಾಗೇ ಇತ್ತು. ಕೊಟ್ಟುಬಿಟ್ಟರೆ ತಾನು ಹಗುರಾಗುತ್ತೇನೆ. ಹುಡುಗಿಯ ಮುಖ ನೋಡಿದರು. ಅದರಲ್ಲಿ ಹಠವಿರಲಿಲ್ಲ, ಹೊಸದಾಗಿ ಸೀರೆ ಉಟ್ಟು ನಿಂತವಳ ಹಾಗೆ ಒಂದು ನೇರ ನೋಟವಿತ್ತು. ಪಂಕಜಾ ಗಂಟನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದರು. ಹಲಗೆಯ ಖರ್ಚು ಅವಳ ಮುಂಗಡದಿಂದಲೇ ಕಳೆಯುವುದು ಅಂತಾಯಿತು.

ಕೆಳಗಿಳಿದಾಗ ದೀಪ ಹೊತ್ತಿಕೊಳ್ಳುವ ಹೊತ್ತು. ಇವತ್ತು ಆಲುವದಲ್ಲೇ ಉಳಿಯಬೇಕು ಅಂತ ಸಿಂಚನಾ ಹಠ ಮಾಡಿದಳು. ವೈಟ್ಟಿಲದಲ್ಲಿ ಮೆಟ್ರೋ ತುಂಬಿ ಬಂತು. ಯಾರೋ ಹುಡುಗ ಎದ್ದು ಪಂಕಜಾಗೆ ಸೀಟು ಕೊಟ್ಟ. ಸಿಂಚನಾ ಕಂಬಿ ಹಿಡಿದು ನಿಂತು, ಇಷ್ಟು ದಿನ ಆಡದೆ ಇಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಆಡತೊಡಗಿದಳು. ಹೊಸ ಆಫೀಸಿನ ಮ್ಯಾನೇಜರನ ಅಳತೆಗೆ ಮೀರಿದ ವಾಚು, ಹೊಸ ಮನೆಯಲ್ಲಿ ಬಾಳೆಹಣ್ಣು ಕದಿಯುವ ಬೆಕ್ಕು. ಸುತ್ತ ಮಲಯಾಳ, ಇಂಗ್ಲಿಷು, ಹಿಂದಿ. ನಡುವೆ ಈ ಕನ್ನಡ ಒಂದು ಸಣ್ಣ ತೊರೆಯ ಹಾಗೆ ಹರಿದು ಬಂದು ಪಂಕಜಾರ ಮಡಿಲಿಗೆ ಬೀಳುತ್ತಿತ್ತು. ಬರುವ ಶನಿವಾರ ಮಧ್ಯಾಹ್ನದ ಮೇಲೆ ಬರುತ್ತೇನೆ, ಬೆಳಗಿನ ರೈಲಿಗೆ ಏಳಲಿಕ್ಕೆ ಆಗುವುದಿಲ್ಲ, ಊಟಕ್ಕೆ ಕಾಯಬೇಡಿ ಅಂದಳು. ಕಾಯುತ್ತೇನೆ ಅಂದರು ಪಂಕಜಾ.

ಎಡಪ್ಪಳ್ಳಿಯಲ್ಲಿ ಪಕ್ಕದ ಸೀಟು ಖಾಲಿಯಾಯಿತು. ಸಿಂಚನಾ ಕೂತಳು, ಇನ್ನೊಂದು ಮಾತು ಶುರುಮಾಡಿದಳು, ಅದರ ನಡುವೆಯೇ ಅವಳ ತಲೆ ಪಂಕಜಾರ ಹೆಗಲಿಗೆ ಬಂದು ನಿಂತಿತು. ಕಿಟಕಿಯಾಚೆ ಊರಿನ ಬೆಳಕುಗಳು ಕೆಳಗೆ ಹರಡಿಕೊಂಡು ಹಿಂದೆ ಹಿಂದೆ ತೇಲಿದವು. ಜನ ಇಳಿಯುತ್ತ ಇಳಿಯುತ್ತ ಬೋಗಿ ಬರಿದಾಯಿತು. ಆಲುವದಲ್ಲಿ ರೈಲು ನಿಂತಾಗ ಉಳಿದವರು ಇವರಿಬ್ಬರೇ. ನೀಲಿ ಅಂಗಿಯ ಕಾವಲಿನ ಹೆಂಗಸು ಬಾಗಿಲಿಂದ ಇಣುಕಿ, ಇದು ಕೊನೆಯ ಸ್ಟೇಷನ್, ಇಳಿಯಬೇಕು ಅಮ್ಮ ಅಂದಳು.

ಪಂಕಜಾ ಹೆಗಲು ಅಲುಗಿಸದೆ ಕಾವಲಿನವಳ ಕಡೆ ನೋಡಿದರು.

"ಎಬ್ಬಿಸುತ್ತೇನೆ," ಅಂದರು. "ಒಂದು ಚೂರು ತಡೆ ಮಗಳೇ."